ಬ್ರಿಟಿಷ್ ವೈಜ್ಞಾನಿಕ ಮತ್ತು ಭಯಾನಕ ಕಾಮಿಕ್ಸ್: ಈಚಿನ ಪ್ರಕಟಣೆಗಳು ಮತ್ತು ಬಹುಮಹಡಿ ಮನೆಗಳ ಭಯ

ಕತ್ತಲಕೋಣೆ:

ಮಾನ್ಯ ಓದುಗರೇ,

ಬ್ರಿಟನ್ನಿನ ವೈಜ್ಞಾನಿಕ ಮತ್ತು ಭಯಾನಕ ಕಾಮಿಕ್ಸ್‌ಗಳಲ್ಲಿ ಈಚೆಗೆ ಬಂದಿರುವ ಪುಸ್ತಕಗಳನ್ನು ಓದಿದವರ ಅಭಿಪ್ರಾಯಗಳು ಒಂದೆಡೆ ಸಿಗುವಂತಾಗಲಿ ಎಂದು ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ. ಹೊಸ ಪ್ರಕಟಣೆ ಎನ್ನುವಾಗ ಇಲ್ಲಿ ಎರಡು ಬಗೆಯ ಪುಸ್ತಕಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. 1977ರ ಫೆಬ್ರುವರಿಯಲ್ಲಿ ಹುಟ್ಟಿ ಇಂದಿಗೂ ವಾರಪತ್ರಿಕೆಯಾಗಿಯೇ ಉಳಿದಿರುವ ‘2000 ಎ.ಡಿ.’ಯಲ್ಲಿ ಮತ್ತು ಅದರ ಸೋದರ ಮಾಸಿಕವಾದ ‘ಜಡ್ಜ್ ಡ್ರೆಡ್ ಮೆಗಝೀನ್’ನಲ್ಲಿ ಕಂತುಕಂತಾಗಿ ಬಂದು ಆಮೇಲೆ ಸಂಪುಟವಾಗುವ ಕಥೆಗಳು ಮೊದಲನೆಯ ಬಗೆ. ಎಪ್ಪತ್ತು, ಎಂಬತ್ತರ ದಶಕಗಳ ಮಕ್ಕಳ ಪತ್ರಿಕೆಗಳಲ್ಲಿ ಒಮ್ಮೆ ಅಚ್ಚಾಗಿ, ಹಳೆಯ ಕಾಗದದೊಂದಿಗೆ ಮರೆಯಾಗಿದ್ದ ಕಥೆಗಳು ಈಗ ಪುಸ್ತಕವಾಗಿ ಬರುತ್ತಿರುವುದು ಎರಡನೆಯ ಬಗೆ. ಆಕ್ಸ್‌ಫರ್ಡ್‌ನ ರೆಬೆಲಿಯನ್ ಸಂಸ್ಥೆಯು 2000ನೇ ಇಸವಿಯಲ್ಲಿ ‘2000 ಎ.ಡಿ.’ಯನ್ನು ಕೊಂಡುಕೊಂಡಿತು, 2016ರಲ್ಲಿ ಐಪಿಸಿ ಮತ್ತು ಫ್ಲೀಟ್‌ವೇ ಎಂಬ ಹಳೆಯ ಪ್ರಕಾಶನ ಸಂಸ್ಥೆಗಳ ಪತ್ರಿಕೆಗಳ 1970ರ ನಂತರದ ಭಂಡಾರವನ್ನೂ, 2018ರಲ್ಲಿ ಅದಕ್ಕೂ ಹಿಂದಿನದನ್ನೂ ತನ್ನದಾಗಿಸಿಕೊಂಡಿತು. ಹೀಗಾಗಿ ಹೊಸದೂ ಹಳೆಯದೂ ಈಗ ಒಂದೇ ಮನೆಯಿಂದ ಹೊರಬರುತ್ತಿವೆ.

ಇವೆರಡನ್ನೂ ಜೊತೆಜೊತೆಗೆ ಓದುತ್ತಾ ಹೋದಂತೆ ನನಗೆ ಬಲವಾಗಿ ಅನ್ನಿಸಿರುವ ಒಂದು ಸಂಗತಿಯನ್ನು ನಿಮ್ಮ ಮುಂದಿಡುತ್ತೇನೆ. ಬ್ರಿಟಿಷ್ ಕಾಮಿಕ್ಸ್‌ನಲ್ಲಿ ಭಯದ ಮನೆಯೆಂದರೆ ಸರ್ಕಾರವೋ ಸ್ಥಳೀಯ ಆಡಳಿತವೋ ಕಟ್ಟಿಸಿಕೊಟ್ಟ ವಸತಿ ಕಟ್ಟಡ. ಹುಡುಗಿಯರಿಗಾಗಿ ಬರುತ್ತಿದ್ದ ‘ಮಿಸ್ಟಿ’ ಎಂಬ ಭಯಾನಕ ಕಥೆಗಳ ಪತ್ರಿಕೆಗೆ ಮಾಲ್ಕಮ್ ಶಾ ಬರೆದು ಮಾರಿಯೋ ಕಪಾಲ್ಡಿ ಚಿತ್ರಿಸಿದ ‘ದ ಸೆಂಟಿನಲ್ಸ್’ ಕಥೆಯಲ್ಲಿ ಅಕ್ಕಪಕ್ಕ ನಿಂತ ಎರಡು ಬಹುಮಹಡಿ ಕಟ್ಟಡಗಳಿವೆ. ಒಂದರಲ್ಲಿ ಜನ ವಾಸಿಸುತ್ತಾರೆ, ಇನ್ನೊಂದರ ಒಳಹೊಕ್ಕವರು ಹಿಟ್ಲರನ ಜರ್ಮನಿ ಬ್ರಿಟನ್ನನ್ನು ಗೆದ್ದುಕೊಂಡ ಬೇರೊಂದು ಜಗತ್ತಿಗೆ ಹೋಗಿಬಿಡುತ್ತಾರೆ. 1984ರ ‘ಸ್ಕ್ರೀಮ್!’ ಪತ್ರಿಕೆಯ ‘ದ ಥರ್ಟೀನ್ತ್ ಫ್ಲೋರ್’ನಲ್ಲಿ ಮ್ಯಾಕ್ಸ್‌ವೆಲ್ ಟವರ್ ಎಂಬ ಕಟ್ಟಡವನ್ನು ನೋಡಿಕೊಳ್ಳುವ ಮ್ಯಾಕ್ಸ್ ಎಂಬ ಗಣಕಯಂತ್ರವಿದೆ. ಅಪಶಕುನಕ್ಕೆ ಹೆದರಿ ಆ ಕಟ್ಟಡಕ್ಕೆ ಹದಿಮೂರನೇ ಮಹಡಿಯನ್ನೇ ಇಟ್ಟಿಲ್ಲ. ಆದರೆ ಬಾಡಿಗೆದಾರರಿಗೆ ಕೇಡು ಬಗೆಯಲು ಬಂದವನು ಲಿಫ್ಟ್ ಹತ್ತಿದಾಗ ಮ್ಯಾಕ್ಸ್ ಅವನನ್ನು ತಾನೇ ಸೃಷ್ಟಿಸಿದ ಹದಿಮೂರನೇ ಮಹಡಿಗೆ ಕರೆದೊಯ್ಯುತ್ತದೆ. 2009ರಲ್ಲಿ ಜಾನ್ ಸ್ಮಿತ್ ಮತ್ತು ಎಡ್ಮಂಡ್ ಬ್ಯಾಗ್‌ವೆಲ್ ರಚಿಸಿದ ‘ಕ್ರೇಡಲ್‌ಗ್ರೇವ್’ನಲ್ಲಿ ಬಾಲಾಪರಾಧಿಗಳ ಜೈಲಿನಿಂದ ಬಿಡುಗಡೆಯಾದ ಶೇನ್ ಹೋಲ್ಟ್ ಎಂಬ ಹುಡುಗ ಬೇಸಿಗೆಯ ಉರಿಯಲ್ಲಿ ರೇವನ್‌ಗ್ಲೇಡ್ ಎಂಬ ಬಡ ವಸತಿ ಬಡಾವಣೆಗೆ ಮರಳುತ್ತಾನೆ. 2016ರಿಂದ ಬರುತ್ತಿರುವ ಡ್ಯಾನ್ ಆಬ್ನೆಟ್ ಮತ್ತು ಐ.ಎನ್.ಜೆ. ಕಲ್ಬಾರ್ಡ್ ಅವರ ‘ಬ್ರಿಂಕ್’ನಲ್ಲಿ ಭೂಮಿಯನ್ನೇ ತೊರೆದ ಮನುಷ್ಯರು ಬಾಹ್ಯಾಕಾಶದ ಇಕ್ಕಟ್ಟಾದ ವಸತಿ ನೆಲೆಗಳಲ್ಲಿ ಒಬ್ಬರ ಮೇಲೊಬ್ಬರು ಬದುಕುತ್ತಿದ್ದಾರೆ. ‘2000 ಎ.ಡಿ.’ಯ ಹೆಸರಾಂತ ಪಾತ್ರ, ಪೊಲೀಸನೂ ನ್ಯಾಯಾಧೀಶನೂ ತಾನೇ ಆದ ಜಡ್ಜ್ ಡ್ರೆಡ್‌ನ ಭವಿಷ್ಯದ ಮಹಾನಗರ ಮೆಗಾಸಿಟಿ ಒನ್ ಅಂತೂ ಇಂಥ ಕಟ್ಟಡಗಳ ಕಾಡೇ ಸರಿ.

ಈ ಹೊಳಹು ಎಷ್ಟರಮಟ್ಟಿಗೆ ನಿಲ್ಲುತ್ತದೆ, ಎಲ್ಲಿ ಸಡಿಲವಾಗುತ್ತದೆ ಎಂಬುದನ್ನು ತಿಳಿದವರು ಹೇಳಬೇಕು.

ಅಭಿಯಂತರ:

ಕತ್ತಲಕೋಣೆಯವರ ಮಾತಿಗೆ ಕಟ್ಟಡ ನಿರ್ಮಾಣದ ಕಡೆಯಿಂದ ಒಂದು ಆಧಾರವನ್ನು ಸೇರಿಸುತ್ತೇನೆ. ಎರಡನೇ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ಮನೆಗಳ ಕೊರತೆಯನ್ನು ನೀಗಿಸಲು ಕಾರ್ಖಾನೆಯಲ್ಲಿ ಎರಕಹೊಯ್ದ ಕಾಂಕ್ರೀಟ್ ಹಲಗೆಗಳನ್ನು ಒಂದರ ಮೇಲೊಂದು ನಿಲ್ಲಿಸಿ ವೇಗವಾಗಿ ಎತ್ತರದ ಕಟ್ಟಡಗಳನ್ನು ಎಬ್ಬಿಸಿದರು. ಪೂರ್ವ ಲಂಡನ್ನಿನ ರೊನಾನ್ ಪಾಯಿಂಟ್ ಅಂಥದ್ದೊಂದು 22 ಮಹಡಿಯ ಕಟ್ಟಡ. ಜನ ವಾಸಕ್ಕೆ ಬಂದು ಕೆಲವೇ ವಾರಗಳಾಗಿದ್ದಾಗ, 1968ರ ಮೇ 16ರ ಬೆಳಗಿನ ಜಾವ 18ನೇ ಮಹಡಿಯ ಒಂದು ಮನೆಯಲ್ಲಿ ಚಹಾಕ್ಕೆಂದು ಒಲೆ ಹಚ್ಚುವಾಗ ಸೋರಿದ ಅನಿಲ ಸ್ಫೋಟಿಸಿ, ಹೊರಗೋಡೆಯ ಹಲಗೆ ಹಾರಿಹೋಗಿ, ಅದರ ಆಸರೆಯಲ್ಲಿದ್ದ ಮೇಲಿನ ಮಹಡಿಗಳು ಕುಸಿದು, ಆ ಭಾರಕ್ಕೆ ಕೆಳಗಿನವೂ ಒಂದರ ಹಿಂದೊಂದು ಬಿದ್ದು, ಕಟ್ಟಡದ ಒಂದು ಮೂಲೆ ತುದಿಯಿಂದ ಬುಡದವರೆಗೆ ಇಲ್ಲವಾಯಿತು. ನಾಲ್ವರು ಸತ್ತರು. ಒಂದು ಭಾಗ ಸೋತರೆ ಭಾರವನ್ನು ಬೇರೆ ಭಾಗಗಳು ಹೊರುವಂತಿರಬೇಕು ಎಂಬ ನಿಯಮ ಬ್ರಿಟನ್ನಿನ ಕಟ್ಟಡ ಸಂಹಿತೆಗೆ ಬಂದದ್ದು ಇದರಿಂದ. ನಾವು ಇಂದಿಗೂ ಇದನ್ನು ಪಾಠವಾಗಿ ಓದುತ್ತೇವೆ.

‘ಮಿಸ್ಟಿ’ ಆರಂಭವಾದದ್ದು 1978ರಲ್ಲಿ, ಅಂದರೆ ಇದಾದ ಹತ್ತು ವರ್ಷಕ್ಕೆ. ಅದನ್ನು ಓದುತ್ತಿದ್ದ ಹುಡುಗಿಯರಲ್ಲಿ ಅನೇಕರು ಇಂಥ ಕಟ್ಟಡಗಳಲ್ಲೇ ಬೆಳೆದವರು. ಲಿಫ್ಟ್ ಕೆಟ್ಟು ನಿಂತ ಕತ್ತಲ ಮೆಟ್ಟಿಲು, ಖಾಲಿ ಬಿದ್ದ ಪಕ್ಕದ ಮನೆ ಅವರಿಗೆ ದಿನನಿತ್ಯದ ಅನುಭವ. ‘ದ ಥರ್ಟೀನ್ತ್ ಫ್ಲೋರ್’ನ ಮೊದಲ ಸಂಪುಟವನ್ನು ರೆಬೆಲಿಯನ್ ಹೊರತಂದದ್ದು 2018ರಲ್ಲಿ. ಲಂಡನ್ನಿನ ಗ್ರೆನ್ಫೆಲ್ ಟವರಿನಲ್ಲಿ ಬೆಂಕಿಗೆ 72 ಜನ ಬಲಿಯಾದದ್ದು ಅದಕ್ಕೆ ಹಿಂದಿನ ವರ್ಷ, 2017ರ ಜೂನ್ 14ರಂದು. ಬಾಡಿಗೆದಾರರ ಸುರಕ್ಷೆಯೇ ತನ್ನ ಧರ್ಮವೆಂದು ನಂಬಿ, ಅದಕ್ಕಾಗಿ ಕ್ರೂರವಾಗಲೂ ಸಿದ್ಧವಾದ ಕಟ್ಟಡವೊಂದರ ಕಥೆಯನ್ನು ಆ ಹೊತ್ತಿನಲ್ಲಿ ಓದುವುದು 1984ರಲ್ಲಿ ಓದಿದಂತೆ ಇರಲಾರದು. ಮ್ಯಾಕ್ಸ್ ತನ್ನ ಜನರನ್ನು ಪ್ರೀತಿಸುತ್ತದೆ ಎಂಬುದೇ ಆ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವ ಅಂಶ.

ಪುಟತಿರುವು:

ಇಬ್ಬರ ಬರಹಗಳೂ ಮೌಲಿಕವಾಗಿವೆ. ಆದರೂ ಕಟ್ಟಡವೊಂದೇ ಕೀಲಿಕೈ ಎಂಬ ತೀರ್ಮಾನವನ್ನು ಒಪ್ಪುವುದು ನನಗೆ ಕಷ್ಟ. ಈಚಿನ ವರ್ಷಗಳ ಅತ್ಯುತ್ತಮ ಬ್ರಿಟಿಷ್ ಭಯಾನಕ ಕಾಮಿಕ್ಸ್ ಯಾವುದೆಂದು ಕೇಳಿದರೆ ನಾನು ಟಿ.ಸಿ. ಎಗ್ಲಿಂಗ್ಟನ್ ಬರೆದು ಸೈಮನ್ ಡೇವಿಸ್ ವರ್ಣಚಿತ್ರಗಳಲ್ಲಿ ಮೂಡಿಸಿರುವ ‘ಥಿಸಲ್‌ಬೋನ್’ ಎನ್ನುತ್ತೇನೆ. ಅದು 2019ರಲ್ಲಿ ಆರಂಭವಾಗಿ 2021 ಮತ್ತು 2023ರಲ್ಲಿ ಮುಂದಿನ ಭಾಗಗಳನ್ನು ಕಂಡಿದೆ. ಅಲ್ಲಿ ಒಂದೇ ಒಂದು ಬಹುಮಹಡಿ ಕಟ್ಟಡವಿಲ್ಲ. ಹರೆಯದಲ್ಲಿ ಒಂದು ಪಂಥದ ಹಿಡಿತದಿಂದ ಜೀವ ಉಳಿಸಿಕೊಂಡು ಓಡಿಬಂದ ಆವ್ರಿಲ್ ಈಸನ್ ಎಂಬ ಹೆಂಗಸು, ಬಹಳ ವರ್ಷಗಳ ನಂತರ ಸೀಮಾ ಚೌಧ್ರಿ ಎಂಬ ಪತ್ರಕರ್ತೆಯ ಜೊತೆಯಲ್ಲಿ ಅದೇ ಹಳ್ಳಿಗೆ, ಅದೇ ಕಾಡಿಗೆ ಹಿಂತಿರುಗುತ್ತಾಳೆ. ಕಾಡಿನಲ್ಲಿ ನಿಜವಾಗಿ ಏನಾದರೂ ಇದೆಯೋ, ಪಂಥದವರು ಅವಳ ಮನಸ್ಸಿನಲ್ಲಿ ಬಿತ್ತಿದ್ದೇ ಈಗ ಮೊಳೆಯುತ್ತಿದೆಯೋ ಎಂಬುದನ್ನು ಕಥೆ ಬಹಳ ಹೊತ್ತು ಬಿಟ್ಟುಕೊಡುವುದಿಲ್ಲ. ಇಂಗ್ಲೆಂಡಿನ ಹೊಲಗದ್ದೆ, ಹಳೆಯ ಮರ, ಊರಹಬ್ಬ ಇವುಗಳಲ್ಲೇ ಭಯವನ್ನು ಹುಡುಕುವ ಈ ಧಾರೆ ಬಹುಮಹಡಿ ಮನೆಗಳಿಗಿಂತ ಹಳೆಯದು.

ನನ್ನ ದೃಷ್ಟಿಯಲ್ಲಿ ಈ ಕಥೆಗಳನ್ನು ಒಟ್ಟಿಗೆ ಹಿಡಿದಿಟ್ಟಿರುವುದು ಅವುಗಳ ಆಕಾರ. ‘2000 ಎ.ಡಿ.’ಯ ಒಂದು ಸಂಚಿಕೆಗೆ 32 ಪುಟ. ಅದರೊಳಗೆ ಸಾಮಾನ್ಯವಾಗಿ ಐದು ಕಥೆಗಳು. ಒಂದೊಂದಕ್ಕೂ ಐದಾರು ಪುಟಗಳ ಕಂತು. ಸುಧಾ, ತರಂಗಗಳ ಧಾರಾವಾಹಿಗಳನ್ನು ವಾರದಿಂದ ವಾರಕ್ಕೆ ಕಾದು ಓದಿದವರಿಗೆ ಕಂತಿನ ಕೊನೆಯ ಸಾಲಿಗೆ ಇರುವ ಬಲ ಎಂಥದ್ದೆಂದು ಗೊತ್ತು. ಐದು ಪುಟದೊಳಗೆ ಹಿಂದಿನ ವಾರದ ನೆನಪನ್ನು ಎಬ್ಬಿಸಬೇಕು, ಕಥೆಯನ್ನು ಒಂದು ಹೆಜ್ಜೆ ಮುಂದಿಡಬೇಕು, ಮುಂದಿನ ವಾರದ ತನಕ ಓದುಗನನ್ನು ಕಾಯಿಸಬೇಕು. ಇದರಿಂದಾಗಿ ಬ್ರಿಟಿಷ್ ಲೇಖಕರು ಪೀಠಿಕೆ ಹಾಕುವುದನ್ನೇ ಬಿಟ್ಟರು. ‘ಸ್ಕ್ರೀಮ್!’ನಲ್ಲಿ ಬಂದ ‘ಮಾನ್‌ಸ್ಟರ್’ ಧಾರಾವಾಹಿಯ ಮೊದಲ ಕಂತನ್ನು ಬರೆದವರು ಆಲನ್ ಮೂರ್. ಒಬ್ಬ ಹುಡುಗ ತನ್ನ ತಂದೆಯ ಹೆಣವನ್ನು ಹೂಳಲು ಮನೆಯ ತೋಟದಲ್ಲಿ ಗುಂಡಿ ತೋಡುತ್ತಿದ್ದಾನೆ. ಮೇಲಿನ ಅಟ್ಟದಲ್ಲಿ ವರ್ಷಗಳಿಂದ ಕೂಡಿಹಾಕಿದ ಏನೋ ಒಂದು ಇದೆ. ಕಥೆ ಅಲ್ಲಿಂದಲೇ ಹೊರಡುತ್ತದೆ. ಮುಂದಿನ ಕಂತುಗಳನ್ನು ಜಾನ್ ವ್ಯಾಗ್ನರ್ ಬರೆದರು.

‘ಬ್ರಿಂಕ್’ ಇದೇ ಶಿಸ್ತನ್ನು ತಿರುವಿ ಬಳಸುತ್ತದೆ. ಅಲ್ಲಿ ಬ್ರಿಜೆಟ್ ಕರ್ಟಿಸ್ ಎಂಬ ತನಿಖಾಧಿಕಾರಿ ಪಂಥಗಳಿಗೆ ಸಂಬಂಧಿಸಿದ ಅಪರಾಧಗಳನ್ನು ಭೇದಿಸುತ್ತಾಳೆ. ಕಂತಿನ ನಂತರ ಕಂತು ಎರಡು ಜನ ಕುಳಿತು ಮಾತನಾಡುವುದೇ ಇರುತ್ತದೆ, ಭೂತವೋ ಮೃಗವೋ ಎದುರಿಗೆ ಬರುವುದೇ ಇಲ್ಲ. ಬರುತ್ತದೆಂಬ ಅನುಮಾನ ಮಾತ್ರ ಬೆಳೆಯುತ್ತಾ ಹೋಗುತ್ತದೆ. ಸಂಪುಟವಾಗಿ ಒಂದೇ ಸಲ ಓದಿದರೆ ಈ ಕಟ್ಟುವಿಕೆಯ ಅರ್ಧ ರುಚಿ ಕಳೆದುಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ. ದಿನಕ್ಕೊಂದು ಕಂತಿನಂತೆ ಓದಿ ನೋಡಿ.

ಗ್ಲಾಸ್ಗೋ ಕನ್ನಡಿಗ:

ಸ್ಥಳ, ಆಕಾರ ಎರಡಕ್ಕೂ ಮೊದಲು ಕಾನೂನಿನ ಮಾತು ಬರಬೇಕು. ನಾನು ವಾಸವಾಗಿರುವ ಊರಿನಲ್ಲೇ ನಡೆದ ಘಟನೆಯೊಂದು ಇದಕ್ಕೆ ನೇರವಾಗಿ ತಗಲುತ್ತದೆ.

1954ರ ಸೆಪ್ಟೆಂಬರಿನಲ್ಲಿ ಗ್ಲಾಸ್ಗೋದ ಗೋರ್ಬಲ್ಸ್ ಪ್ರದೇಶದ ನೂರಾರು ಮಕ್ಕಳು, ಕೆಲವರು ನಾಲ್ಕೈದು ವರ್ಷದವರು, ಚಾಕು, ಕೋಲು ಹಿಡಿದು ಸದರ್ನ್ ನೆಕ್ರೊಪೊಲಿಸ್ ಎಂಬ ಸ್ಮಶಾನಕ್ಕೆ ನುಗ್ಗಿದರು. ಇಬ್ಬರು ಮಕ್ಕಳನ್ನು ತಿಂದಿರುವ, ಏಳಡಿ ಎತ್ತರದ, ಕಬ್ಬಿಣದ ಹಲ್ಲಿನ ರಕ್ತಪಿಶಾಚಿಯೊಂದು ಅಲ್ಲಿದೆಯೆಂಬ ಸುದ್ದಿ ಶಾಲೆಯಿಂದ ಶಾಲೆಗೆ ಹಬ್ಬಿತ್ತು. ಸ್ಮಶಾನದ ಹಿಂದಿದ್ದ ಕಬ್ಬಿಣದ ಕಾರ್ಖಾನೆಯ ಕುಲುಮೆಯ ಕೆಂಪು ಬೆಳಕು ಮತ್ತು ಹೊಗೆ ಗೋರಿಗಳ ಮೇಲೆ ಬೀಳುತ್ತಿತ್ತು. ಪೊಲೀಸರು ಬಂದು ಮಕ್ಕಳನ್ನು ಚದುರಿಸಿದರೂ ಮರುದಿನ ಸಂಜೆ ಅವರು ಮತ್ತೆ ಬಂದರು. ಕಾಣೆಯಾದ ಮಕ್ಕಳಂತೂ ಯಾರೂ ಇರಲಿಲ್ಲ. ಪತ್ರಿಕೆಗಳೂ ರಾಜಕಾರಣಿಗಳೂ ಅಮೆರಿಕದಿಂದ ಬರುತ್ತಿದ್ದ ಭಯಾನಕ ಕಾಮಿಕ್ಸ್‌ಗಳನ್ನು ದೂರಿದರು. ಆಗಾಗಲೇ ಶಿಕ್ಷಕರ ಸಂಘ, ಚರ್ಚು ಮತ್ತು ಕಮ್ಯುನಿಸ್ಟ್ ಪಕ್ಷ, ಹೀಗೆ ಬೇರೆ ಯಾವ ವಿಷಯದಲ್ಲೂ ಒಂದಾಗದವರು ಆ ಕಾಮಿಕ್ಸ್‌ಗಳ ವಿರುದ್ಧ ಒಂದಾಗಿದ್ದರು. 1955ರಲ್ಲಿ ಮಕ್ಕಳಿಗೆ ಹಾನಿಕರವಾದ ಪ್ರಕಟಣೆಗಳನ್ನು ನಿಷೇಧಿಸುವ ಕಾಯ್ದೆ ಬಂತು.

ಆಮೇಲೆ ಸಂಶೋಧಕರು ಹುಡುಕಿದಾಗ ಕಬ್ಬಿಣದ ಹಲ್ಲಿನ ಪಿಶಾಚಿ ಯಾವ ಅಮೆರಿಕನ್ ಕಾಮಿಕ್ಸ್‌ನಲ್ಲೂ ಸಿಗಲಿಲ್ಲ. ಕಬ್ಬಿಣದ ಹಲ್ಲಿನ ಜೆನ್ನಿ ಎಂಬ ಹೆಂಗಸಿನ ಬಗ್ಗೆ ಹತ್ತೊಂಬತ್ತನೇ ಶತಮಾನದ ಒಂದು ಸ್ಕಾಟಿಷ್ ಪದ್ಯವಿದೆ, ಅದನ್ನು ಶಾಲೆಗಳಲ್ಲಿ ಕಲಿಸುತ್ತಿದ್ದರು. ಬೈಬಲ್ಲಿನ ದಾನಿಯೇಲನ ಗ್ರಂಥದಲ್ಲೂ ಕಬ್ಬಿಣದ ಹಲ್ಲಿನ ಮೃಗವಿದೆ.

ಆ ಕಾಯ್ದೆ ಇಂದಿಗೂ ರದ್ದಾಗಿಲ್ಲ. ಅದರಡಿ ನಡೆದ ಮೊಕದ್ದಮೆಗಳು ಬೆರಳೆಣಿಕೆಯಷ್ಟು, ಆದರೆ ಪ್ರಕಾಶಕರ ಮನಸ್ಸಿನ ಮೇಲೆ ಅದರ ನೆರಳು ದಶಕಗಟ್ಟಲೆ ಉಳಿಯಿತು. ಬ್ರಿಟನ್ನಿನಲ್ಲಿ ಭಯಾನಕ ಕಥೆ ವೈಜ್ಞಾನಿಕ ಕಥೆಯ ಅಂಗಿ ತೊಟ್ಟು ಬರಬೇಕಾದದ್ದಕ್ಕೆ ಇದು ಮುಖ್ಯ ಕಾರಣವೆಂದು ನಾನು ತಿಳಿದಿದ್ದೇನೆ. ರಕ್ತಪಿಶಾಚಿಯನ್ನು ನೇರವಾಗಿ ತೋರಿಸಲು ಅಂಜಿದವರು ಅದನ್ನು ಬೇರೆ ಆಯಾಮದಿಂದ ಬಂದ ನ್ಯಾಯಾಧೀಶನನ್ನಾಗಿ ಮಾಡಿದರು. 1980ರಲ್ಲಿ ವ್ಯಾಗ್ನರ್ ಮತ್ತು ಬ್ರಯನ್ ಬೊಲಂಡ್ ಸೃಷ್ಟಿಸಿದ ಜಡ್ಜ್ ಡೆತ್ ಎಂಬಾತನ ಲೋಕದಲ್ಲಿ ಅಪರಾಧ ಮಾಡುವವರೆಲ್ಲ ಬದುಕಿರುವವರೇ ಆದ್ದರಿಂದ ಬದುಕೇ ಅಪರಾಧವೆಂದು ತೀರ್ಪಾಗಿದೆ. ಅದೇ ಲೋಕದ ಪತನವನ್ನು ಕೆಕ್-ಡಬ್ಲ್ಯೂ ಮತ್ತು ಡೇವ್ ಕೆಂಡಲ್ ‘ದ ಫಾಲ್ ಆಫ್ ಡೆಡ್‌ವರ್ಲ್ಡ್’ನಲ್ಲಿ ಈಚಿನ ವರ್ಷಗಳಲ್ಲಿ ಹೇಳಿದ್ದಾರೆ, ಕೊಳೆತ ಹಸಿರು, ತುಕ್ಕಿನ ಬಣ್ಣಗಳಲ್ಲಿ ಮುಳುಗಿರುವ ಆ ಪುಟಗಳನ್ನು ನೋಡಿದವರಿಗೆ ಅದು ಯಾವ ಪ್ರಕಾರಕ್ಕೆ ಸೇರಿದ್ದೆಂದು ವಿವರಿಸಬೇಕಿಲ್ಲ.

ಹಳೆಯ ಸಂಚಿಕೆ:

ಗ್ಲಾಸ್ಗೋದವರು ಹೇಳಿದ್ದಕ್ಕೆ ಇನ್ನೊಂದು ಕೊಂಡಿಯನ್ನು ಜೋಡಿಸುತ್ತೇನೆ. 1976ರಲ್ಲಿ ಪ್ಯಾಟ್ ಮಿಲ್ಸ್ ‘ಆ್ಯಕ್ಷನ್’ ಎಂಬ ವಾರಪತ್ರಿಕೆಯನ್ನು ರೂಪಿಸಿದರು. ಅದರಲ್ಲಿ ಹುಕ್ ಜಾ ಎಂಬ ದೈತ್ಯ ಶಾರ್ಕ್ ಮೀನು ವಾರಕ್ಕಿಷ್ಟು ಜನರನ್ನು ನುಂಗುತ್ತಿತ್ತು. ಹಿಂಸೆ ಅತಿಯಾಯಿತೆಂಬ ಕೂಗೆದ್ದು ಅಕ್ಟೋಬರಿನಲ್ಲಿ ಪ್ರಕಾಶಕರೇ ಪತ್ರಿಕೆಯನ್ನು ನಿಲ್ಲಿಸಿದರು. ಮತ್ತೆ ಬಂದಾಗ ಅದರ ಹಲ್ಲು ಕಿತ್ತಿತ್ತು. ಕೆಲವೇ ತಿಂಗಳಿಗೆ ಅದೇ ಮಿಲ್ಸ್ ಅವರ ‘2000 ಎ.ಡಿ.’ ಹೊರಬಂತು. ಗುಂಡು ತಗಲಿದವನು ರೋಬೋ ಆದರೆ, ಕಥೆ ನಡೆಯುವುದು ನೂರಿಪ್ಪತ್ತು ವರ್ಷ ಮುಂದೆ ಆದರೆ, ಆಕ್ಷೇಪಿಸುವವರ ಕೈ ಕಟ್ಟಿದಂತಾಗುತ್ತದೆ. ಭವಿಷ್ಯ ಅವರಿಗೆ ದೊರೆತ ಆಶ್ರಯ.

‘ಮಿಸ್ಟಿ’ ಬಗ್ಗೆ ಹೆಚ್ಚು ಹೇಳಲೇಬೇಕು, ಏಕೆಂದರೆ ಮರುಮುದ್ರಣಗಳಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಅದು. ಹುಡುಗಿಯರಿಗಾಗಿ ‘2000 ಎ.ಡಿ.’ಗೆ ಸರಿಸಮನಾದ ಪತ್ರಿಕೆಯೊಂದು ಬೇಕೆಂದು ಮಿಲ್ಸ್ ಯೋಚಿಸಿದ್ದರ ಫಲ ಅದು. ಅವರು ಬರೆದು ಜಾನ್ ಆರ್ಮ್‌ಸ್ಟ್ರಾಂಗ್ ಚಿತ್ರಿಸಿದ ‘ಮೂನ್‌ಚೈಲ್ಡ್’ನಲ್ಲಿ ಮನೆಯಲ್ಲಿ ತಾಯಿಯಿಂದಲೂ ಶಾಲೆಯಲ್ಲಿ ಸಹಪಾಠಿಗಳಿಂದಲೂ ಹಿಂಸೆಗೊಳಗಾದ ಹುಡುಗಿಗೆ ವಸ್ತುಗಳನ್ನು ಮನಸ್ಸಿನಿಂದಲೇ ಚಲಿಸುವಂತೆ ಮಾಡುವ ಶಕ್ತಿ ಬರುತ್ತದೆ. 2016ರಲ್ಲಿ ಬಂದ ಮೊದಲ ಸಂಪುಟದಲ್ಲಿ ಇದೂ ‘ದ ಫೋರ್ ಫೇಸಸ್ ಆಫ್ ಈವ್’ ಕೂಡ ಇವೆ. ‘ದ ಸೆಂಟಿನಲ್ಸ್’ ಎರಡನೆಯದರಲ್ಲಿದೆ. ಪತ್ರಿಕೆ ಬದುಕಿದ್ದದ್ದು ಎರಡು ವರ್ಷ ಮಾತ್ರ, 1980ರ ಜನವರಿಯ ತನಕ.

ನೋವಿನ ಸಂಗತಿಯೆಂದರೆ ‘ಮಿಸ್ಟಿ’ಯ ಪುಟಗಳಲ್ಲಿ ಬರೆದವರ, ಚಿತ್ರಿಸಿದವರ ಹೆಸರನ್ನೇ ಅಚ್ಚುಹಾಕುತ್ತಿರಲಿಲ್ಲ. ಬೋರ್ನ್‌ಮತ್ ವಿಶ್ವವಿದ್ಯಾಲಯದ ಜೂಲಿಯಾ ರೌಂಡ್ ಅವರು ಈ ಪತ್ರಿಕೆಯನ್ನು ಕುರಿತು 2019ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ವರ್ಷಗಟ್ಟಲೆ ಹುಡುಕಾಡಿ ಅನೇಕ ಹೆಸರುಗಳನ್ನು ಬೆಳಕಿಗೆ ತಂದರು. ‘2000 ಎ.ಡಿ.’ಯಲ್ಲಿ ಪ್ರತಿ ಕಥೆಯ ಮೊದಲ ಪುಟದಲ್ಲಿ ಕಲಾವಿದರ ಹೆಸರಿನ ಪುಟ್ಟ ಚೌಕವನ್ನು ಸೇರಿಸಿದವರು ಕೆವಿನ್ ಓನೀಲ್. ಇಂದು ನಾವು ಹೆಸರು ಹಿಡಿದು ಒಬ್ಬೊಬ್ಬ ಕಲಾವಿದರ ಬಗ್ಗೆ ಮಾತನಾಡಲು ಸಾಧ್ಯವಾಗಿರುವುದರಲ್ಲಿ 2022ರಲ್ಲಿ ತೀರಿಕೊಂಡ ಆ ಮಹಾನುಭಾವರ ಪಾಲು ದೊಡ್ಡದು.

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಈ ಕ್ಷೇತ್ರ ನನಗೆ ಹೊಸದು. ಜಡ್ಜ್ ಡ್ರೆಡ್‌ನನ್ನು 2012ರ ಸಿನಿಮಾದಲ್ಲಿ ನೋಡಿದ್ದನ್ನು ಬಿಟ್ಟರೆ ಬೇರೇನೂ ಗೊತ್ತಿಲ್ಲ. ಸುಮಾರು ಐವತ್ತು ವರ್ಷಗಳ ಕಥೆಯನ್ನು ಈಗ ಎಲ್ಲಿಂದ ಹಿಡಿಯುವುದು? ಹದಿಮೂರು ವರ್ಷದ ಮಗಳೂ ಜೊತೆಯಲ್ಲಿ ಓದುತ್ತಾಳೆ. ಅವಳ ಕೈಗೆ ಯಾವುದನ್ನು ಕೊಡಬಹುದು, ಯಾವುದು ಬೇಡ ಎಂಬುದನ್ನೂ ದಯವಿಟ್ಟು ತಿಳಿಸಿ.

ಕತ್ತಲಕೋಣೆ:

ತುಂಗಾತೀರ ಅವರೇ, ಸ್ವಾಗತ. ನಿಮ್ಮ ಮಗಳಿಗೆ ‘ಮಿಸ್ಟಿ’ಯ ಮೊದಲೆರಡು ಸಂಪುಟಗಳನ್ನೂ ‘ದ ಥರ್ಟೀನ್ತ್ ಫ್ಲೋರ್’ ಅನ್ನೂ ನಿಶ್ಚಿಂತೆಯಿಂದ ಕೊಡಬಹುದು. ಅವು ಆ ವಯಸ್ಸಿನವರಿಗೆಂದೇ ಬರೆದವು. ‘2000 ಎ.ಡಿ.’ಯೂ ಎಲ್ಲ ವಯಸ್ಸಿನವರಿಗಾಗಿ ‘ರೀಜೆನ್ಡ್’ ಎಂಬ ವಿಶೇಷ ಸಂಚಿಕೆಗಳನ್ನು ಹೊರತಂದಿದೆ. ‘ಕ್ರೇಡಲ್‌ಗ್ರೇವ್’ ಮತ್ತು ‘ಥಿಸಲ್‌ಬೋನ್’ ದೊಡ್ಡವರಿಗೆ. ‘ಕ್ರೇಡಲ್‌ಗ್ರೇವ್’ನಲ್ಲಿ ಕಾಯಿಲೆ ಬಿದ್ದ ಮುದುಕಿಯೊಬ್ಬಳ ದೇಹಕ್ಕೆ ಆಗುವುದನ್ನು ದೊಡ್ಡವರೇ ತಡೆದುಕೊಳ್ಳುವುದು ಕಷ್ಟ.

ನಿಮಗೆ ಡ್ರೆಡ್ ಬೇಕಿದ್ದರೆ ಮೊದಲ ಸಂಚಿಕೆಯಿಂದ ಆರಂಭಿಸುವ ಅಗತ್ಯವಿಲ್ಲ. ಡ್ರೆಡ್‌ನ ಕಾಲ ನಮ್ಮ ಕಾಲದ ಜೊತೆಯಲ್ಲೇ ಸಾಗುತ್ತದೆ: 1977ರಲ್ಲಿ ಅವನ ಲೋಕದಲ್ಲಿ 2099, 2024ರಲ್ಲಿ 2146. ಅವನೂ ವರ್ಷಕ್ಕೊಂದರಂತೆ ಮುದುಕನಾಗುತ್ತಾ ಬಂದಿದ್ದಾನೆ. 1990ರಲ್ಲಿ ‘ಮೆಗಝೀನ್’ನ ಆರಂಭದ ಸಂಚಿಕೆಗಳಲ್ಲಿ ವ್ಯಾಗ್ನರ್ ಮತ್ತು ಕಾಲಿನ್ ಮೆಕ್ನೀಲ್ ರಚಿಸಿದ ‘ಅಮೆರಿಕ’ವನ್ನು ಮೊದಲು ಓದಿ. ಪ್ರಜಾಪ್ರಭುತ್ವ ಬೇಕೆಂದು ಹೋರಾಡುವ ಹೆಣ್ಣುಮಗಳೊಬ್ಬಳ ಕಥೆ ಅದು. ಡ್ರೆಡ್ ಅಲ್ಲಿ ಅವಳ ಎದುರಿಗೆ ನಿಂತಿರುವ ಗೋಡೆ. ಅದಾದ ಮೇಲೆ ನೇರವಾಗಿ 2024ರ ‘ಎ ಬೆಟರ್ ವರ್ಲ್ಡ್’ಗೆ ಬನ್ನಿ. ರಾಬ್ ವಿಲಿಯಮ್ಸ್ ಮತ್ತು ಆರ್ಥರ್ ವ್ಯಾಟ್ ಬರೆದು ಹೆನ್ರಿ ಫ್ಲಿಂಟ್ ಚಿತ್ರಿಸಿದ ಈ ಕಥೆಯಲ್ಲಿ ಮೇಟ್ಲೆಂಡ್ ಎಂಬ ನ್ಯಾಯಾಧೀಶೆ, ನಗರವನ್ನು ಆಳುವ ನ್ಯಾಯ ಇಲಾಖೆಯ ಲೆಕ್ಕಪತ್ರಗಳನ್ನು ನೋಡಿಕೊಳ್ಳುವವಳು. ದಂಡನೆಗೆ ಸುರಿಯುವ ಹಣದ ಒಂದು ಪಾಲನ್ನು ಶಿಕ್ಷಣಕ್ಕೂ ಜನಕಲ್ಯಾಣಕ್ಕೂ ತಿರುಗಿಸಿದರೆ ಅಪರಾಧ ಕಡಿಮೆಯಾಗುತ್ತದೆಂದು ಅವಳ ಲೆಕ್ಕ ಹೇಳುತ್ತದೆ. ನಗರದ ಒಂದು ವಲಯದಲ್ಲಿ ಅದನ್ನು ಪ್ರಯೋಗಿಸಿ ನೋಡಲು ಅನುಮತಿಯೂ ಸಿಗುತ್ತದೆ. ಮುಂದೆ ಏನಾಗುತ್ತದೆಂದು ನಾನು ಹೇಳುವುದಿಲ್ಲ. ಯಾವ ಪಿಶಾಚಿಯೂ ಇಲ್ಲದ ಆ ಪುಸ್ತಕವನ್ನು ಈ ದಶಕದ ನಿಜವಾದ ಭಯಾನಕ ಕಾಮಿಕ್ಸ್‌ಗಳ ಸಾಲಿನಲ್ಲಿ ಇಡಲು ನಾನು ಹಿಂಜರಿಯುವುದಿಲ್ಲ.

ಪುಟತಿರುವು ಅವರ ಆಕ್ಷೇಪಕ್ಕೂ ಇಲ್ಲೇ ಉತ್ತರಿಸುತ್ತೇನೆ. ‘ಥಿಸಲ್‌ಬೋನ್’ ಹಳ್ಳಿಯದು, ನಿಜ. ಆದರೆ ಅಲ್ಲೂ ಭಯ ಹುಟ್ಟುವುದು ‘ನಿಮ್ಮನ್ನು ನಾವು ನೋಡಿಕೊಳ್ಳುತ್ತೇವೆ’ ಎಂದು ಭರವಸೆ ಕೊಟ್ಟವರಿಂದಲೇ. ಮ್ಯಾಕ್ಸ್ ಕೊಡುವುದೂ ಅದೇ ಭರವಸೆ, ನ್ಯಾಯ ಇಲಾಖೆ ಕೊಡುವುದೂ ಅದೇ, ‘ಬ್ರಿಂಕ್’ನ ವಸತಿ ನೆಲೆಗಳನ್ನು ನಡೆಸುವ ಕಂಪನಿಗಳು ಕೊಡುವುದೂ ಅದೇ. ಕಟ್ಟಡ ಆ ಭರವಸೆಗೆ ಬಂದ ರೂಪ ಎಂದು ನನ್ನ ವಾದವನ್ನು ವಿಸ್ತರಿಸಿಕೊಳ್ಳುತ್ತೇನೆ.

ರೇಖೆಬಣ್ಣ:

ಇಷ್ಟು ಹೊತ್ತಿನ ಚರ್ಚೆಯಲ್ಲಿ ಕಥೆಯೇ ಮುಂದಾಗಿ ಚಿತ್ರ ಹಿಂದುಳಿಯಿತು. ಬ್ರಿಟಿಷ್ ಭಯದ ರೇಖೆಗಳಲ್ಲಿ ದೊಡ್ಡ ಪಾಲು ಸ್ಪೇನಿನವರದು ಎಂಬುದನ್ನು ಗಮನಿಸಬೇಕು. ‘ದ ಥರ್ಟೀನ್ತ್ ಫ್ಲೋರ್’ ಚಿತ್ರಿಸಿದ ಹೊಸೆ ಒರ್ತಿಸ್, ‘ಮಾನ್‌ಸ್ಟರ್’ಗೆ ಚಿತ್ರ ಬರೆದ ಹೆಸುಸ್ ರೆದೊಂದೊ, ಡ್ರೆಡ್‌ನನ್ನು ರೂಪಿಸಿದ ಕಾರ್ಲೋಸ್ ಎಸ್ಕೆರ್ರಾ, ಎಲ್ಲರೂ ಅಲ್ಲಿಯವರೇ. ಮೆಗಾಸಿಟಿಯ ಚರ್ಚೆಗಂತೂ ಎಸ್ಕೆರ್ರಾ ಅವರೇ ಮೂಲ: ಆರಂಭದಲ್ಲಿ ಸಮೀಪದ ಭವಿಷ್ಯದ ನ್ಯೂಯಾರ್ಕ್ ಎಂದುಕೊಂಡಿದ್ದ ಊರನ್ನು ಅವರು ಎಷ್ಟು ಅದ್ಭುತವಾಗಿ, ಎಷ್ಟು ಎತ್ತರವಾಗಿ ಬರೆದುಕೊಟ್ಟರೆಂದರೆ, ಅದನ್ನು ನೋಡಿದ ಸಂಪಾದಕರು ಕಥೆಯ ಕಾಲವನ್ನೇ ಬಹಳ ಮುಂದಕ್ಕೆ ತಳ್ಳಿದರು. ಕಟ್ಟಡ ಮೊದಲು ಬಂತು, ಅದರಲ್ಲಿ ವಾಸಿಸುವ ಸಮಾಜ ಆಮೇಲೆ ಬಂತು.

ಒರ್ತಿಸ್ ಅವರ ಕಪ್ಪು ಶಾಯಿಯನ್ನು ಹತ್ತಿರದಿಂದ ನೋಡಿ. ಮುಖದ ಒಂದು ಬದಿ ಪೂರ್ತಿ ಕಪ್ಪು, ಇನ್ನೊಂದು ಬದಿಯಲ್ಲಿ ಒರಟಾದ ಗೀರುಗಳು. ಹೆದರಿದವನ ಕಣ್ಣು ಮಾತ್ರ ಕಾಗದದ ಬಿಳುಪು. ಅಗ್ಗದ ಕಾಗದದ ಮೇಲೆ ಶಾಯಿ ಹರಡಿದರೂ ಕೆಡದಂತೆ ಲೆಕ್ಕ ಹಾಕಿ ಬರೆದ ಕೈ ಅದು. ಇದಕ್ಕೆ ನೇರ ವಿರುದ್ಧವಾಗಿ ಕಲ್ಬಾರ್ಡ್ ‘ಬ್ರಿಂಕ್’ನಲ್ಲಿ ತೆಳುವಾದ ಸಮ ಗೆರೆಯನ್ನೂ ಗಾಢವಾದ ಸಪಾಟು ಬಣ್ಣಗಳನ್ನೂ ಬಳಸುತ್ತಾರೆ, ಒಂದು ಓಣಿ ಇಡಿಯಾಗಿ ಕಿತ್ತಳೆ, ಮುಂದಿನದು ನೇರಳೆ. ಕತ್ತಲೆಯೇ ಇಲ್ಲದ ಕಡೆ ಹೆದರಿಸುವುದು ಹೆಚ್ಚು ಕಷ್ಟದ ಕೆಲಸ. ಸೈಮನ್ ಡೇವಿಸ್ ವ್ಯಕ್ತಿಚಿತ್ರಗಳ ಕಲಾವಿದರೂ ಹೌದು; ಅವರ ಹಳ್ಳಿಗರ ಮುಖಗಳು ನಾವು ಎಲ್ಲೋ ಕಂಡವರವೆಂಬಂತೆ ಇರುವುದಕ್ಕೆ ಅದೇ ಕಾರಣ.

ಮಲಬಾರಿನಾಚೆ:

ನಮ್ಮ ನಾಡಿಗೆ ನೇರವಾಗಿ ತಗಲುವ ಪುಸ್ತಕವೊಂದು ಇದುವರೆಗೆ ಯಾರ ಮಾತಿನಲ್ಲೂ ಬರಲಿಲ್ಲ. ಮುಂಬಯಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿರುವ ರಾಮ್ ವಿ ಅವರು ಬರೆದು, ಸುಮಿತ್ ಕುಮಾರ್ ಚಿತ್ರಿಸಿದ ‘ದೀಸ್ ಸ್ಯಾವೇಜ್ ಶೋರ್ಸ್’ 2018ರಲ್ಲಿ ಐದು ಸಂಚಿಕೆಗಳಾಗಿ ಆರಂಭವಾಯಿತು. ಪ್ರಕಾಶಕರು ಅಮೆರಿಕದವರಾದ್ದರಿಂದ ಇದನ್ನು ಬ್ರಿಟಿಷ್ ಎನ್ನಬಹುದೇ ಎಂಬ ಪ್ರಶ್ನೆ ಬರಬಹುದು. ವಸ್ತುವಿನ ಮಟ್ಟಿಗೆ ಇದಕ್ಕಿಂತ ಬ್ರಿಟಿಷ್ ಆದ ಭಯಾನಕ ಕಥೆ ಸಿಗುವುದು ಕಷ್ಟ ಎಂದು ನಾನು ಹೇಳುತ್ತೇನೆ.

1766ರಲ್ಲಿ ಲಂಡನ್ನಿನ ರಕ್ತಪಿಶಾಚಿಯೊಬ್ಬ ಅಲ್ಲಿ ತನ್ನ ಗುಟ್ಟು ರಟ್ಟಾದ ಮೇಲೆ ಹಡಗು ಹತ್ತಿ ಕಲ್ಲಿಕೋಟೆಗೆ ಬಂದಿಳಿಯುತ್ತಾನೆ. ಇಲ್ಲಿಯ ಜನ ತನಗೆ ಸುಲಭದ ಬೇಟೆಯೆಂದು ಅವನ ಎಣಿಕೆ. ಅವನಿಗಿಂತ ಎಷ್ಟೋ ಹಳೆಯದಾದ, ಬಿಶನ್ ಎಂಬ ಹೆಸರಿನಲ್ಲಿ ಮನುಷ್ಯರ ನಡುವೆ ಬಾಳುತ್ತಿರುವ ರಾಕ್ಷಸನೊಬ್ಬ ಈ ನೆಲದಲ್ಲಿದ್ದಾನೆ. ಈಸ್ಟ್ ಇಂಡಿಯಾ ಕಂಪನಿ ಮತ್ತು ಮೈಸೂರಿನ ನಡುವಿನ ಸಂಘರ್ಷ ಈ ಕಥೆಯ ಹಿನ್ನೆಲೆ. ಹೈದರಾಲಿ ಮಲಬಾರಿನ ಮೇಲೆ ದಂಡೆತ್ತಿ ಹೋದದ್ದೂ, ಕಲ್ಲಿಕೋಟೆಯ ಸಾಮೂದಿರಿ ತನ್ನ ಅರಮನೆಗೆ ತಾನೇ ಬೆಂಕಿಯಿಟ್ಟುಕೊಂಡು ಪ್ರಾಣಬಿಟ್ಟದ್ದೂ ಅದೇ 1766ರಲ್ಲಿ. ಕಥೆಯ ಬಹುಭಾಗ ಪತ್ರಗಳ ಮೂಲಕ ಸಾಗುತ್ತದೆ. ಆ ಪತ್ರಗಳಿಗೆ ಕೈಬರಹದ ಅಕ್ಷರರೂಪ ಕೊಟ್ಟವರು ಆದಿತ್ಯ ಬಿದಿಕರ್. ಪುಟವನ್ನು ಒಂಬತ್ತು ಸಮ ಚೌಕಗಳಾಗಿ ಸೀಳಿ ಸುಮಿತ್ ಕುಮಾರ್ ಕಟ್ಟಿರುವ ಲಯದಲ್ಲಿ ನೃತ್ಯವೂ ಕೊಲೆಯೂ ಒಂದೇ ತಾಳಕ್ಕೆ ನಡೆಯುತ್ತವೆ.

ಕತ್ತಲಕೋಣೆಯವರು ಹೇಳಿದ ‘ನಿಮ್ಮನ್ನು ನಾವು ನೋಡಿಕೊಳ್ಳುತ್ತೇವೆ’ ಎಂಬ ಭರವಸೆಯನ್ನು ಕಂಪನಿಯೂ ಕೊಟ್ಟಿತ್ತು ಎಂಬುದನ್ನು ಈ ಪುಸ್ತಕ ಮರೆಯುವುದಿಲ್ಲ.

ಪುಟತಿರುವು:

ಈ ಕೊನೆಯ ಉದಾಹರಣೆ ನಿಮ್ಮ ವಾದವನ್ನು ಗಟ್ಟಿಗೊಳಿಸಿದೆ ಎಂಬುದನ್ನು ಒಪ್ಪುತ್ತೇನೆ. ಆಕಾರದ ಮಾತನ್ನು ಮಾತ್ರ ಬಿಟ್ಟುಕೊಡಲಾರೆ; ಅದಕ್ಕೆ ಕಾರಣವೂ ಇದೆ. ಆಲನ್ ಮೂರ್ ಮತ್ತು ಇಯಾನ್ ಗಿಬ್ಸನ್ ಅವರ ‘ದ ಬ್ಯಾಲಡ್ ಆಫ್ ಹೇಲೋ ಜೋನ್ಸ್’ 1984ರಲ್ಲಿ ಆರಂಭವಾಗಿ ಮೂರು ಭಾಗಗಳಿಗೆ ನಿಂತುಹೋಯಿತು. ಕೃತಿಯ ಹಕ್ಕು ರಚಿಸಿದವರಿಗೆ ಸಿಗದ ಕಾರಣ ಮೂರ್ ಮುಂದುವರಿಸಲಿಲ್ಲ. ಗಿಬ್ಸನ್ 2023ರಲ್ಲಿ ತೀರಿಕೊಂಡರು. ವಾರಪತ್ರಿಕೆಯ ವ್ಯವಸ್ಥೆ ಎಷ್ಟೋ ಪ್ರತಿಭೆಗಳನ್ನು ಬೆಳೆಸಿತು, ‘ಫ್ಯೂಚರ್ ಶಾಕ್ಸ್’ ಎಂಬ ನಾಲ್ಕೈದು ಪುಟಗಳ ಕಥೆಗಳ ಮೂಲಕ ಹೊಸಬರಿಗೆ ಇಂದಿಗೂ ಬಾಗಿಲು ತೆರೆದಿಟ್ಟಿದೆ. ಆದರೆ ದುಡಿದವರ ಕೈಗೆ ದುಡಿಮೆಯ ಒಡೆತನ ಬರಲಿಲ್ಲ. 2020ರಲ್ಲಿ ಪ್ಯಾಟ್ ಮಿಲ್ಸ್ ಸ್ವಂತವಾಗಿ ಪ್ರಕಟಿಸಿದ ‘ಸ್ಪೇಸ್‌ವಾರ್ಪ್’ ಮತ್ತು ಓದುಗರಿಂದ ಮುಂಗಡ ಹಣ ಸಂಗ್ರಹಿಸಿ ಹೊರತಂದ ‘ದ 77’ ಸಂಕಲನಗಳನ್ನು ನಾನು ಈ ಹಿನ್ನೆಲೆಯಲ್ಲಿ ಗೌರವದಿಂದ ನೋಡುತ್ತೇನೆ. ಹೊಸ ಪ್ರಕಟಣೆಗಳ ಪಟ್ಟಿ ಮಾಡುವಾಗ ಅವನ್ನು ಕೈಬಿಡಬಾರದು.

ತುಂಗಾತೀರ:

ಎಲ್ಲರಿಗೂ ಕೃತಜ್ಞತೆಗಳು. ನಾನು ‘ಅಮೆರಿಕ’ದಿಂದ ಆರಂಭಿಸುತ್ತೇನೆ; ಮಗಳು ‘ದ ಸೆಂಟಿನಲ್ಸ್’ ಕಥೆಯ ವಿವರಣೆಯನ್ನು ಓದಿ ಅದೇ ಬೇಕೆಂದಿದ್ದಾಳೆ. ಇವನ್ನು ಶಿವಮೊಗ್ಗದಲ್ಲಿ ಕುಳಿತು ಪಡೆಯುವ ದಾರಿ ಯಾವುದು?

ಹಳೆಯ ಸಂಚಿಕೆ:

‘2000 ಎ.ಡಿ.’ಯ ಅಧಿಕೃತ ಅಂತರ್ಜಾಲ ಮಳಿಗೆಯಲ್ಲಿ ವಾರದ ಸಂಚಿಕೆಗಳೂ ಸಂಪುಟಗಳೂ ಪಿಡಿಎಫ್ ಮತ್ತು ಸಿಬಿಝಡ್ (ಕಾಮಿಕ್ಸ್ ಪುಟಗಳನ್ನು ಒಟ್ಟುಗೂಡಿಸಿದ ಕಡತ) ರೂಪದಲ್ಲಿ, ಯಾವ ಬೀಗಮುದ್ರೆಯೂ ಇಲ್ಲದೆ ಸಿಗುತ್ತವೆ. ಕೊಂಡ ಮೇಲೆ ಕಡತ ನಿಮ್ಮದೇ. ಹೊಸ ಸಂಚಿಕೆ ಬುಧವಾರ ಬರುತ್ತದೆ. ಫೋನಿನ ಪರದೆ ಈ ಪುಟಗಳಿಗೆ ಚಿಕ್ಕದಾಗುತ್ತದೆ, ಏಕೆಂದರೆ ಬ್ರಿಟಿಷ್ ಪುಟ ಅಮೆರಿಕದ ಕಾಮಿಕ್ಸ್ ಪುಟಕ್ಕಿಂತ ಅಗಲ. ಟ್ಯಾಬ್ಲೆಟ್ ಇದ್ದರೆ ಒಳ್ಳೆಯದು. ಅಚ್ಚಾದ ಪುಸ್ತಕವೇ ಬೇಕಿದ್ದರೆ ‘ಮಿಸ್ಟಿ’ ಸಂಪುಟಗಳನ್ನು ಮೊದಲು ಹುಡುಕಿ. ಡ್ರೆಡ್ ಪುಸ್ತಕಗಳು ಮತ್ತೆ ಮತ್ತೆ ಅಚ್ಚಾಗುತ್ತಿರುತ್ತವೆ, ‘ಮಿಸ್ಟಿ’ಯ ವಿಷಯದಲ್ಲಿ ಆ ಭರವಸೆ ಕಡಿಮೆ. ನಿಮ್ಮ ಮಗಳು ಓದಿ ಮುಗಿಸಿದ ಮೇಲೆ ಆ ಎರಡನೇ ಕಟ್ಟಡದ ಬಗ್ಗೆ ಅವಳಿಗೆ ಏನನ್ನಿಸಿತೆಂದು ಇಲ್ಲಿ ಬರೆಯಿರಿ. ನಮ್ಮೆಲ್ಲರ ವಾದಗಳಿಗಿಂತ ಅವಳ ಮಾತು ಮುಖ್ಯ, ಆ ಕಥೆ ಬರೆದದ್ದೇ ಅವಳ ವಯಸ್ಸಿನವರಿಗೆ.